ಕೊರಳು ಯಾರದು?

ಈ ಸಂಚಿಕೆಯನ್ನು ರಂಗಗೀತೆಗಳಿಗೆ ಮೀಸಲಿಟ್ಟಿದ್ದೇವೆ. ಕಂಪನಿ ನಾಟಕಗಳ ಹಾಡು, ಹಾರ್ಮೋನಿಯಂ ಮೇಷ್ಟ್ರುಗಳು, ಹವ್ಯಾಸಿ ರಂಗಭೂಮಿಯ ಸಂಗೀತ ಇವೆಲ್ಲದರ ಬಗ್ಗೆ ಒಳಪುಟಗಳಲ್ಲಿ ಓದುತ್ತೀರಿ. ಸಂಪಾದಕೀಯದ ಜಾಗವನ್ನು ಮಾತ್ರ ನಾನು ನ್ಯೂಯಾರ್ಕಿನ ಬ್ರಾಡ್‌ವೇಗೆ, ಅದರಲ್ಲೂ ಕಳೆದ ಶತಮಾನದ ಐವತ್ತರ ದಶಕಕ್ಕೆ ಕೊಡುತ್ತಿದ್ದೇನೆ. ಆ ಕಾಲದ ಸಂಗೀತ ನಾಟಕಗಳು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರುವುದು ಸಿನಿಮಾಗಳಾಗಿ. ‘ಮೈ ಫೇರ್ ಲೇಡಿ’ ಅಂದರೆ ಆಡ್ರೆ ಹೆಪ್‌ಬರ್ನ್, ‘ದಿ ಕಿಂಗ್ ಅಂಡ್ ಐ’ ಅಂದರೆ ಡೆಬೊರಾ ಕರ್. ಆದರೆ ಆ ಹಾಡುಗಳು ಹುಟ್ಟಿದ್ದು ಇವರಿಗಾಗಿ ಅಲ್ಲ, ತೆರೆಯ ಮೇಲೆ ಅವನ್ನು ಬಹುಪಾಲು ಹಾಡಿದವರೂ ಇವರಲ್ಲ. ಈ ಎರಡು ಸಂಗತಿಗಳು ನನ್ನನ್ನು ಬಹಳ ಕಾಲದಿಂದ ಕಾಡುತ್ತಿವೆ.

1949ರ ಏಪ್ರಿಲ್ 7ರಂದು ಮೆಜೆಸ್ಟಿಕ್ ಥಿಯೇಟರಿನಲ್ಲಿ ‘ಸೌತ್ ಪೆಸಿಫಿಕ್’ ಆರಂಭವಾಯಿತು. ರಿಚರ್ಡ್ ರಾಜರ್ಸ್ ಸಂಗೀತ, ಆಸ್ಕರ್ ಹ್ಯಾಮರ್‌ಸ್ಟೈನ್ ಗೀತೆಗಳು, ಜೋಷುವಾ ಲೋಗನ್ ನಿರ್ದೇಶನ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಪೆಸಿಫಿಕ್ ದ್ವೀಪವೊಂದಕ್ಕೆ ಬಂದ ಅಮೆರಿಕದ ನರ್ಸ್, ಅಲ್ಲೇ ನೆಲೆನಿಂತ ಫ್ರೆಂಚ್ ಪ್ಲಾಂಟರ್, ಇಬ್ಬರ ಪ್ರೇಮ. ಪ್ಲಾಂಟರ್ ಪಾತ್ರಕ್ಕೆ ಬಂದವರು ಎತ್ಸಿಯೊ ಪಿನ್ಸಾ. ಮೆಟ್ರೊಪಾಲಿಟನ್ ಅಪೆರಾದಲ್ಲಿ ಎರಡು ದಶಕ ಹಾಡಿ ಬಂದ ಮಂದ್ರ ಕಂಠ. ನರ್ಸ್ ಪಾತ್ರದ ಮೇರಿ ಮಾರ್ಟಿನ್‌ಗೆ ಅಂಥ ಗಾಯಕನ ಪಕ್ಕ ನಿಂತು ಹಾಡುವುದೆಂದರೆ ಅಂಜಿಕೆ. ಆಕೆ ಅದನ್ನು ರಾಜರ್ಸ್ ಹತ್ತಿರ ನೇರವಾಗಿಯೇ ಹೇಳಿಕೊಂಡರು. ರಾಜರ್ಸ್ ಏನು ಮಾಡಿದರು ನೋಡಿ: ಇಬ್ಬರ ಮೊದಲ ಭೇಟಿಯ ದೃಶ್ಯದಲ್ಲಿ ಯುಗಳ ಗೀತೆಯನ್ನೇ ಬರೆಯಲಿಲ್ಲ. ಆಕೆ ಒಂದು ತುಣುಕು ಮನಸ್ಸಿನಲ್ಲೇ ಹಾಡಿಕೊಳ್ಳುತ್ತಾಳೆ, ನಂತರ ಆತ ಒಂದು ತುಣುಕು. ಒಬ್ಬರ ಸ್ವರ ಇನ್ನೊಬ್ಬರದಕ್ಕೆ ತಾಗುವುದೇ ಇಲ್ಲ. ಇಬ್ಬರ ಮಾತೂ ಮುಗಿದ ಮೇಲೆ ವಾದ್ಯವೃಂದ ಮೇಲೇಳುತ್ತದೆ, ಅವರು ಹೇಳಲಾರದ್ದನ್ನು ಅದು ಹೇಳುತ್ತದೆ. ನಟಿಯೊಬ್ಬಳ ಅಂಜಿಕೆ ಒಂದು ದೃಶ್ಯದ ರೂಪವನ್ನೇ ತೀರ್ಮಾನಿಸಿತು. ಪ್ರೇಮದ ಮೊದಲ ಗಳಿಗೆಯ ಸಂಕೋಚವನ್ನು ತೋರಿಸಲು ಇದಕ್ಕಿಂತ ಒಳ್ಳೆಯ ದಾರಿ ಇತ್ತು ಅಂತ ನನಗನ್ನಿಸುವುದಿಲ್ಲ.

1950ರ ಟೋನಿ ಪ್ರಶಸ್ತಿಗಳಲ್ಲಿ ಈ ನಾಟಕ ನಟನೆಯ ನಾಲ್ಕೂ ವಿಭಾಗಗಳನ್ನು ಗೆದ್ದಿತು. ಬೇರಾವ ಸಂಗೀತ ನಾಟಕಕ್ಕೂ ಆ ಗೌರವ ಸಿಕ್ಕಿಲ್ಲ. ಅದೇ ವರ್ಷದ ಪುಲಿಟ್ಜರ್ ನಾಟಕ ಪ್ರಶಸ್ತಿಯೂ ಇದಕ್ಕೇ ಬಂತು. ನಟಿ, ನಿರ್ದೇಶಕಿ ಆಂಟೊನೆಟ್ ಪೆರಿ ಅವರ ನೆನಪಿನಲ್ಲಿ ಟೋನಿ ಶುರುವಾಗಿದ್ದು 1947ರಲ್ಲಿ. ಅಂದರೆ ಪ್ರಶಸ್ತಿಗೆ ಆಗಿನ್ನೂ ಮೂರು ವರ್ಷ. ಪೋಷಕ ನಟಿಯ ಪ್ರಶಸ್ತಿ ಪಡೆದವರು ಹುವಾನಿಟಾ ಹಾಲ್, ಟೋನಿ ಗೆದ್ದ ಮೊದಲ ಆಫ್ರಿಕನ್ ಅಮೆರಿಕನ್ ಕಲಾವಿದೆ.

ಹಾಲ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ನ್ಯೂಜೆರ್ಸಿಯ ಕೀಪೋರ್ಟ್ ಎಂಬ ಊರಿನವರು. ಜುಲಿಯಾರ್ಡಿನಲ್ಲಿ ಶಾಸ್ತ್ರೀಯವಾಗಿ ಕಲಿತು, ತಮ್ಮದೇ ವೃಂದಗಾನ ತಂಡ ಕಟ್ಟಿದ್ದವರು. ನಾಟಕದಲ್ಲಿ ಅವರದು ನಾವಿಕರಿಗೆ ಹುಲ್ಲಿನ ಲಂಗ ಮಾರುವ ಟಾಂಕಿನ್ ಪ್ರಾಂತ್ಯದ ಹೆಂಗಸಿನ ಪಾತ್ರ, ಹೆಸರು ಬ್ಲಡಿ ಮೇರಿ. ಚೌಕಾಸಿ ಮಾಡುತ್ತ, ಬೈಯುತ್ತ, ನಗಿಸುತ್ತ ಓಡಾಡುವ ಆಕೆ ಎದುರಿನ ದಿಗಂತದಲ್ಲಿ ಕಾಣುವ ದ್ವೀಪವನ್ನು ಯುವ ಲೆಫ್ಟಿನೆಂಟ್‌ಗೆ ತೋರಿಸಿ ಹಾಡಲು ಶುರುಮಾಡಿದೊಡನೆ ನಾಟಕದ ಬಣ್ಣವೇ ಬದಲಾಗುತ್ತದೆ. ‘ಬಾಲಿ ಹಾಯ್’ ಎಂಬ ಆ ಹಾಡಿನ ಮೊದಲ ಮೂರು ಸ್ವರಗಳಲ್ಲೇ ಸೆಳೆತವಿದೆ: ಕೆಳಗಿನ ಸ್ವರದಿಂದ ಒಂದೇ ನೆಗೆತಕ್ಕೆ ಮೇಲಿನ ಸ್ವರ, ಅಲ್ಲಿ ನಿಲ್ಲಲಾಗದೆ ಅರ್ಧ ಸ್ವರ ಕೆಳಕ್ಕೆ. ಹಾಲ್ ಅದನ್ನು ಅವಸರವಿಲ್ಲದೆ, ತುಸು ಗದರಿಸುವ ದನಿಯಲ್ಲಿ ಹಾಡಿದ್ದಾರೆ. ಕರೆಯುತ್ತಿರುವುದು ದ್ವೀಪವೋ ಈ ಹೆಂಗಸೋ ಎಂಬ ಅನುಮಾನ ಕೇಳುವವರಿಗೆ ಬಂದರೆ ಸಹಜ.

ಜನಾಂಗ ದ್ವೇಷ ಹುಟ್ಟಿನಿಂದ ಬರುವುದಲ್ಲ, ಮಕ್ಕಳಿಗೆ ಅದನ್ನು ಕಲಿಸಲಾಗುತ್ತದೆ ಎಂದು ಬಾಯಿಬಿಟ್ಟು ಹೇಳುವ ಹಾಡೊಂದು ಇದೇ ನಾಟಕದಲ್ಲಿದೆ. ಅದನ್ನು ಕೈಬಿಡಿ ಎಂಬ ಒತ್ತಡ ಬಂದಾಗ ರಾಜರ್ಸ್ ಮತ್ತು ಹ್ಯಾಮರ್‌ಸ್ಟೈನ್ ಬಗ್ಗಲಿಲ್ಲ. ಅದೇ ನಾಟಕ ಕಪ್ಪು ಗಾಯಕಿಯನ್ನು ಏಷ್ಯಾದ ಹೆಂಗಸನ್ನಾಗಿ ನಿಲ್ಲಿಸಿತ್ತು ಎಂಬುದನ್ನೂ ಮರೆಯಬಾರದು. ಆ ಕಾಲದ ಅಮೆರಿಕದ ಧೈರ್ಯ, ಅದರ ಕುರುಡು ಎರಡೂ ಒಂದೇ ವೇದಿಕೆಯ ಮೇಲಿದ್ದವು.

ಒಂಬತ್ತು ವರ್ಷದ ನಂತರ, 1958ರಲ್ಲಿ, ‘ಸೌತ್ ಪೆಸಿಫಿಕ್’ ಸಿನಿಮಾ ಆಯಿತು. ಬ್ಲಡಿ ಮೇರಿಯಾಗಿ ಹಾಲ್ ಅವರೇ ಇದ್ದಾರೆ. ಹಾಡು ಮಾತ್ರ ಅವರದಲ್ಲ! ಅದೇ ಪಾತ್ರವನ್ನು ಲಂಡನ್ನಿನ ರಂಗದಲ್ಲಿ ಮಾಡಿದ್ದ ಮ್ಯೂರಿಯಲ್ ಸ್ಮಿತ್ ಅವರ ದನಿಗೆ ಹಾಲ್ ತುಟಿ ಆಡಿಸಿದ್ದಾರೆ. ಸ್ಮಿತ್ ದೊಡ್ಡ ಗಾಯಕಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಯಾವ ಹಾಡುಗಾರಿಕೆಗಾಗಿ ಒಬ್ಬ ಕಲಾವಿದೆಗೆ ಪ್ರಶಸ್ತಿ ಬಂತೋ ಅದನ್ನೇ ಆಕೆಯಿಂದ ತೆಗೆದಿಟ್ಟು, ಮುಖವನ್ನಷ್ಟೇ ಉಳಿಸಿಕೊಂಡ ಈ ಏರ್ಪಾಡನ್ನು ನಾನು ಅನ್ಯಾಯ ಎಂದೇ ಕರೆಯುತ್ತೇನೆ.

ಕೊರಳಿಗೆ ತಕ್ಕಂತೆ ಹಾಡು ಕಟ್ಟುವ ಕೆಲಸ ‘ದಿ ಕಿಂಗ್ ಅಂಡ್ ಐ’ ನಾಟಕದಲ್ಲಿ ಇನ್ನಷ್ಟು ಸೂಕ್ಷ್ಮವಾಗಿ ನಡೆಯಿತು. 1951ರ ಈ ನಾಟಕದ ನಾಯಕಿ ಗರ್ಟ್ರೂಡ್ ಲಾರೆನ್ಸ್ ರಂಗದ ಮೇಲೆ ಬಂದು ನಿಂತರೆ ಸಾಕು, ಪ್ರೇಕ್ಷಕರು ಬೇರೆ ಕಡೆ ನೋಡುತ್ತಿರಲಿಲ್ಲ. ಆದರೆ ಕಂಠದ ಹರವು ಕಡಿಮೆ, ಶ್ರುತಿಯೂ ಆಗಾಗ ಜಾರುತ್ತಿತ್ತು. ರಾಜರ್ಸ್ ಆಕೆಯ ಹಾಡುಗಳನ್ನು ಆ ಚಿಕ್ಕ ಹರವಿನೊಳಗೇ ಬರೆದರು, ಹೆಚ್ಚಿನ ಕಸುವು ಬೇಡುವ ಹಾಡುಗಳನ್ನು ಸಂಗೀತದಲ್ಲಿ ಪಳಗಿದ ಬೇರೆ ನಟಿಯರ ಪಾತ್ರಗಳಿಗೆ ಕೊಟ್ಟರು. ಲಾರೆನ್ಸ್‌ಗೆ 1952ರಲ್ಲಿ ಟೋನಿ ಬಂತು. ಅದೇ ಸೆಪ್ಟೆಂಬರ್ 6ರಂದು, ನಾಟಕ ಇನ್ನೂ ನಡೆಯುತ್ತಿರುವಾಗಲೇ, ಕ್ಯಾನ್ಸರಿನಿಂದ ತೀರಿಕೊಂಡರು. ನಾಟಕದ ನೃತ್ಯದ ದೃಶ್ಯದಲ್ಲಿ ತೊಡುತ್ತಿದ್ದ ಗೌನಿನಲ್ಲೇ ಆಕೆಯನ್ನು ಮಣ್ಣು ಮಾಡಿದರು. ರಾಜನ ಪಾತ್ರದ ಯೂಲ್ ಬ್ರಿನ್ನರ್ ಆ ವರ್ಷ ಟೋನಿ ಪಡೆದಿದ್ದು ಪೋಷಕ ನಟನಾಗಿ. ಮುಂದೆ 1985ರವರೆಗೆ ಒಟ್ಟು 4,625 ಸಲ ಅದೇ ಪಾತ್ರ ಮಾಡಿದರು.

1956ರ ಸಿನಿಮಾದಲ್ಲಿ ಲಾರೆನ್ಸ್ ಜಾಗಕ್ಕೆ ಡೆಬೊರಾ ಕರ್ ಬಂದರು, ಕಂಠ ಮಾರ್ನಿ ನಿಕ್ಸನ್ ಅವರದು. 1961ರ ‘ವೆಸ್ಟ್ ಸೈಡ್ ಸ್ಟೋರಿ’ಯಲ್ಲಿ ನಟಾಲಿ ವುಡ್‌ಗೂ, 1964ರ ‘ಮೈ ಫೇರ್ ಲೇಡಿ’ಯಲ್ಲಿ ಹೆಪ್‌ಬರ್ನ್‌ಗೂ ಹಾಡಿದವರು ಇದೇ ನಿಕ್ಸನ್. ಮೂರು ಚಿತ್ರಗಳಲ್ಲೂ ತೆರೆಯ ಮೇಲೆ ಆಕೆಯ ಹೆಸರಿಲ್ಲ. ನಮ್ಮ ಚಿತ್ರರಂಗದ ಬಗ್ಗೆ ನೂರು ತಕರಾರು ಇರಬಹುದು, ಹಿನ್ನೆಲೆ ಗಾಯಕರ ಹೆಸರನ್ನು ಬಚ್ಚಿಡುವ ಪರಿಪಾಠ ಮಾತ್ರ ನಮ್ಮಲ್ಲಿ ನೆಲೆಯೂರಲಿಲ್ಲ. ಪಿ. ಬಿ. ಶ್ರೀನಿವಾಸ್, ಎಸ್. ಜಾನಕಿ ಎಂದರೆ ಮನೆಮಾತು. ಹಾಲಿವುಡ್ ಪ್ರೇಕ್ಷಕನ ಭ್ರಮೆ ಕಾಪಾಡಲು ಹಾಡಿದವಳನ್ನು ಅಳಿಸಿಹಾಕಿತು.

‘ಮೈ ಫೇರ್ ಲೇಡಿ’ಯ ಕಥೆಯಲ್ಲಿ ಇನ್ನೊಂದು ಕಹಿಯಿದೆ. 1956ರ ಮಾರ್ಚ್ 15ರಂದು ಆರಂಭವಾಗಿ 2,717 ಪ್ರದರ್ಶನ ಕಂಡ ನಾಟಕ ಅದು. ನಾಯಕ ರೆಕ್ಸ್ ಹ್ಯಾರಿಸನ್‌ಗೆ ಹಾಡಲು ಬರುತ್ತಿರಲಿಲ್ಲ. ಹಾಗಾಗಿ ಲಯ ಹಿಡಿದು ಮಾತಾಡುತ್ತ, ಬೇಕಾದಲ್ಲಿ ಸ್ವರಕ್ಕೆ ತಾಗಿ ಬರುವ ಶೈಲಿಯಲ್ಲಿ ಅವರ ಹಾಡುಗಳನ್ನು ಕಟ್ಟಲಾಯಿತು. ನಾಯಕಿ ಎಲೈಜಾ ಆಗಿದ್ದ ಜೂಲಿ ಆಂಡ್ರೂಸ್‌ಗೆ ಇಪ್ಪತ್ತು ವರ್ಷ, ಗಾಜಿನಷ್ಟು ತಿಳಿಯಾದ ಕಂಠ. ತಾಲೀಮಿನಲ್ಲಿ ಆಕೆಗೆ ಪಾತ್ರ ಹಿಡಿತಕ್ಕೆ ಸಿಗದಿದ್ದಾಗ ನಿರ್ದೇಶಕ ಮಾಸ್ ಹಾರ್ಟ್ ಉಳಿದವರಿಗೆಲ್ಲ ರಜೆ ಕೊಟ್ಟು, ವಾರಾಂತ್ಯದ ಎರಡು ದಿನ ಆಕೆಯೊಬ್ಬಳನ್ನೇ ಕೂರಿಸಿಕೊಂಡು ಸಾಲು ಸಾಲಾಗಿ ತಿದ್ದಿದರು. 1957ರಲ್ಲಿ ನಾಟಕಕ್ಕೂ ಹ್ಯಾರಿಸನ್‌ಗೂ ಟೋನಿ ಬಂತು. ಆಂಡ್ರೂಸ್‌ಗೆ ಬರಲಿಲ್ಲ, ‘ಬೆಲ್ಸ್ ಆರ್ ರಿಂಗಿಂಗ್’ ನಾಟಕದ ಜೂಡಿ ಹಾಲಿಡೇ ಪಾಲಾಯಿತು. ಸಿನಿಮಾ ಮಾಡುವಾಗ ಹ್ಯಾರಿಸನ್ ಮೊದಲೇ ಮುದ್ರಿಸಿದ ಹಾಡಿಗೆ ತುಟಿ ಆಡಿಸಲು ಒಪ್ಪಲಿಲ್ಲ. ಅವರ ಟೈಯೊಳಗೆ ತಂತಿಯಿಲ್ಲದ ಪುಟ್ಟ ಮೈಕ್ ಅಡಗಿಸಿ, ಕ್ಯಾಮೆರಾ ಎದುರೇ ಹಾಡಿಸಿದರು. ಹಾಡಲು ಬಾರದ ಗಂಡಸಿನ ದನಿಗೆ ಅಷ್ಟು ಮರ್ಯಾದೆ. ಹಾಡಲು ಬರುವ ಹುಡುಗಿಯನ್ನು ಪಾತ್ರಕ್ಕೇ ಕರೆಯಲಿಲ್ಲ. ಬದಲಿಗೆ ಬಂದ ಹೆಪ್‌ಬರ್ನ್ ಮನಸ್ಸಿಟ್ಟು ಕಲಿತು ಹಾಡಿದ್ದರೂ ಅದರ ಬಹುಪಾಲನ್ನು ಕಿತ್ತುಹಾಕಿ ನಿಕ್ಸನ್ ದನಿ ಸೇರಿಸಿದರು.

ಇಷ್ಟಾದರೂ ಹಾಲ್, ಲಾರೆನ್ಸ್, ಆಂಡ್ರೂಸ್ ಅವರ ರಂಗದ ದನಿ ಇವತ್ತು ನಮಗೆ ಸಿಗುತ್ತದೆ. ಅದಕ್ಕೆ ಕಾರಣ ಒಂದು ತಾಂತ್ರಿಕ ಬದಲಾವಣೆ. ಕೊಲಂಬಿಯಾ ಕಂಪನಿ 1948ರಲ್ಲಿ ಲಾಂಗ್ ಪ್ಲೇ ತಟ್ಟೆಯನ್ನು ತಂದಿತು. ಇಡೀ ನಾಟಕದ ಮುಖ್ಯ ಹಾಡುಗಳು ಒಂದೇ ತಟ್ಟೆಯಲ್ಲಿ ಹಿಡಿಸುವಂತಾದವು. ‘ಸೌತ್ ಪೆಸಿಫಿಕ್’ ಮೂಲ ತಂಡದ ತಟ್ಟೆ ಅಮೆರಿಕದ ಮಾರಾಟದ ಪಟ್ಟಿಯಲ್ಲಿ ಒಟ್ಟು 69 ವಾರ ಮೊದಲ ಸ್ಥಾನದಲ್ಲಿತ್ತು. ಕೊಲಂಬಿಯಾದ ಒಡೆಯ ಸಂಸ್ಥೆ ಸಿಬಿಎಸ್ ಎಷ್ಟು ಧೈರ್ಯ ಮಾಡಿತೆಂದರೆ ‘ಮೈ ಫೇರ್ ಲೇಡಿ’ ನಾಟಕಕ್ಕೆ ಬಂಡವಾಳವನ್ನೂ ತಾನೇ ಹಾಕಿತು. ಪ್ರಶಸ್ತಿ ಪತ್ರ ಕಲಾವಿದರ ಹೆಸರನ್ನಷ್ಟೇ ಕಾಪಾಡೀತು, ದನಿಯನ್ನು ಉಳಿಸಿಕೊಟ್ಟಿದ್ದು ಆ ತಟ್ಟೆಗಳು.

ಈ ಪರಂಪರೆಗೂ ಕನ್ನಡ ರಂಗಭೂಮಿಗೂ ನೇರ ನಂಟೂ ಇದೆ. 1965ರಲ್ಲಿ ಅತ್ಯುತ್ತಮ ಸಂಗೀತ ನಾಟಕದ ಟೋನಿ ಗೆದ್ದ ‘ಫಿಡ್ಲರ್ ಆನ್ ದಿ ರೂಫ್’ ಅನ್ನು ಜಯಂತ ಕಾಯ್ಕಿಣಿ ‘ಜತೆಗಿರುವನು ಚಂದಿರ’ವಾಗಿ ಕನ್ನಡಕ್ಕೆ ತಂದಿದ್ದಾರೆ. ಆದರೆ ನನಗೆ ಹೆಚ್ಚು ನೆನಪಾಗುವುದು ರಾಜಕುಮಾರ್. ಗುಬ್ಬಿ ಕಂಪನಿಯಲ್ಲಿ ಬೆಳೆದ ಅವರು ಸಿನಿಮಾಕ್ಕೆ ಬಂದ ಮೇಲೆ, ಒಂದೆರಡು ಬಿಡಿ ಹಾಡುಗಳನ್ನು ಬಿಟ್ಟರೆ, ಎರಡು ದಶಕ ಬೇರೆಯವರ ಕಂಠಕ್ಕೆ ನಟಿಸಿದರು. 1974ರ ‘ಸಂಪತ್ತಿಗೆ ಸವಾಲ್’ ನಂತರ ಅವರ ದನಿ ಅವರ ಮುಖದ ಜೊತೆ ಮತ್ತೆ ಕೂಡಿಕೊಂಡಿತು. ‘ಜೀವನ ಚೈತ್ರ’ದ ಹಾಡಿಗೆ ಗಾಯಕರಾಗಿ ರಾಷ್ಟ್ರಪ್ರಶಸ್ತಿಯನ್ನೂ ಪಡೆದರು. ಹಾಲ್‌ಗೆ ಸಿಗದ ನ್ಯಾಯ ಇಲ್ಲೊಬ್ಬ ರಂಗನಟನಿಗೆ ಸಿಕ್ಕಿತು.

ಅದೇ ಕಂಪನಿಗಳಲ್ಲಿ ಮೈಕಿಲ್ಲದೆ ಹಿಂದಿನ ಸಾಲಿಗೆ ಕೇಳುವಂತೆ ಹಾಡಿದ ಎಷ್ಟೋ ನಟನಟಿಯರಿಗೆ ಸಿನಿಮಾವೂ ಸಿಗಲಿಲ್ಲ, ಪ್ರಶಸ್ತಿಯೂ ಸಿಗಲಿಲ್ಲ. ಕೆಲವರ ದನಿ ಮೂರು ನಿಮಿಷದ ಗ್ರಾಮೋಫೋನ್ ಪ್ಲೇಟುಗಳಲ್ಲಿ, ಇನ್ನು ಕೆಲವರದು ಮನೆಯಲ್ಲಿ ಯಾರೋ ಹಿಡಿದಿಟ್ಟ ಕ್ಯಾಸೆಟ್ಟುಗಳಲ್ಲಿ ಉಳಿದಿದೆ. ಓದುಗರಲ್ಲಿ ನನ್ನದೊಂದು ಬೇಡಿಕೆ. ನಿಮ್ಮ ಅಟ್ಟದ ಮೇಲೆ, ಅಜ್ಜನ ಟ್ರಂಕಿನಲ್ಲಿ ಅಂಥ ಪ್ಲೇಟು, ಕ್ಯಾಸೆಟ್ಟು, ನಾಟಕದ ಹ್ಯಾಂಡ್‌ಬಿಲ್ಲು ಇದ್ದರೆ ಗುಜರಿಗೆ ಹಾಕಬೇಡಿ. ಮೂಲ ಪ್ರತಿಯನ್ನು ನಮಗೆ ಕಳಿಸುವುದೂ ಬೇಡ. ಹಾಡಿದವರ ಹೆಸರು, ಯಾವ ಕಂಪನಿ, ಯಾವ ನಾಟಕ, ಯಾವ ಊರಿನ ಕ್ಯಾಂಪು, ಸುಮಾರು ಯಾವ ವರ್ಷ, ಗೊತ್ತಿದ್ದಷ್ಟನ್ನು ಬರೆದು ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಬಂದದ್ದನ್ನೆಲ್ಲ ಮುಂದಿನ ಸಂಚಿಕೆಗಳಲ್ಲಿ ಹಾಡಿದವರ ಹೆಸರಿನೊಂದಿಗೇ ಪ್ರಕಟಿಸುತ್ತೇವೆ.