ಒಂದು ಅಡ್ಮಿಷನ್, ಜೀವಮಾನದ ಮುದ್ರೆ?

1/8
ಪ್ರಶ್ನೆ ನೇರವಾಗಿ ಕೇಳ್ತೀನಿ. 17ನೇ ವಯಸ್ಸಲ್ಲಿ ಒಬ್ಬ ಹುಡುಗನನ್ನು ಅವನ ಒಪ್ಪಿಗೆ ಇಲ್ಲದೆ ಮಾನಸಿಕ ಆಸ್ಪತ್ರೆಗೆ ಸೇರಿಸಿದ್ರು. ಅವನು ಹುಷಾರಾದ, ಓದಿದ, ಕೆಲಸಕ್ಕೆ ಸೇರಿದ, ಸಂಸಾರಸ್ಥನಾದ. 20 ವರ್ಷ ಆದಮೇಲೂ ಸರ್ಕಾರದ ಲೆಕ್ಕದಲ್ಲಿ ಅವನು ‘ಅಪಾಯಕಾರಿ’ ಅಂತಲೇ ಇರಬೇಕಾ?

ಇದು ಕಟ್ಟುಕಥೆ ಅಲ್ಲ, ಅಮೆರಿಕದ ನಿಜವಾದ ಕೇಸು. ವಿಷಯ ಗನ್ ಲೈಸನ್ಸಿನ ಥರ ಕಾಣುತ್ತೆ. ಆದರೆ ಒಳಗಿರೋದು ನಮ್ಮ ವಯಸ್ಸಿನವರ ವಿಷಯ: ಒಮ್ಮೆ ಮನಸ್ಸು ಕುಸಿದರೆ ಆ ಗುರುತು ಎಷ್ಟು ವರ್ಷ ಬೆನ್ನು ಹತ್ತಬೇಕು? ಉದ್ದ ಇದೆ, ಸೇವ್ ಮಾಡ್ಕೊಂಡು ನಿಧಾನಕ್ಕೆ ಓದಿ 👇

2/8
ಮೊದಲು ಕಾನೂನು.

ನಮ್ಮಲ್ಲಿ ಬಂದೂಕು ಅಂದರೆ ಸರ್ಕಾರ ಕೊಟ್ಟರೆ ಸಿಗೋ ಅನುಮತಿ. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಲೈಸನ್ಸಿನಿಂದ ವಿನಾಯಿತಿ ಇರೋದು ದೊಡ್ಡ ಅಪವಾದ. ಅಮೆರಿಕದಲ್ಲಿ ಹಾಗಲ್ಲ, ಅಲ್ಲಿ ಅದು ಸಂವಿಧಾನದ ಎರಡನೇ ತಿದ್ದುಪಡಿ ಕೊಟ್ಟ ಹಕ್ಕು. ಆ ಹಕ್ಕು ಯಾರಿಗಿಲ್ಲ ಅಂತ 1968ರ ಗನ್ ನಿಯಂತ್ರಣ ಕಾಯ್ದೆ ಒಂದು ಪಟ್ಟಿ ಮಾಡಿದೆ. ದೊಡ್ಡ ಅಪರಾಧಗಳಲ್ಲಿ ಶಿಕ್ಷೆ ಆದವರ ಜೊತೆಗೇ ಇನ್ನೊಂದು ಗುಂಪಿದೆ: ಕಾನೂನು ಪ್ರಕ್ರಿಯೆ ಮೂಲಕ, ಒಪ್ಪಿಗೆ ಇಲ್ಲದೆ ಮಾನಸಿಕ ಆಸ್ಪತ್ರೆಗೆ ದಾಖಲಾದವರು. ಕಾಯ್ದೆಯ ಮಾತನ್ನು ಗಮನಿಸಿ: ‘ದಾಖಲಾಗಿರುವವರು’ ಅಲ್ಲ, ಹಿಂದೆ ಯಾವತ್ತಾದರೂ ‘ದಾಖಲಾದವರು’. ಅದಕ್ಕೆ ಮುಗಿಯೋ ದಿನಾಂಕ ಇಲ್ಲ.

ಒಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ತಾವಾಗಿಯೇ ಹೋಗಿ ಅಡ್ಮಿಟ್ ಆದವರಿಗೆ, ಬರೀ ನಿಗಾಕ್ಕೆ ಅಂತ ಇರಿಸಿಕೊಂಡವರಿಗೆ ಈ ಫೆಡರಲ್ ನಿಷೇಧ ತಟ್ಟಲ್ಲ. (ಕೆಲವು ರಾಜ್ಯಗಳ ಕಾನೂನು ಇನ್ನೂ ಬಿಗಿ ಇದೆ.)

3/8
ನಿಷೇಧವೇ ಬೇಡ ಅಂತ ನಾನು ಹೇಳ್ತಿಲ್ಲ. ಯಾಕೆ ಅಂದ್ರೆ ವರ್ಜೀನಿಯಾ ಟೆಕ್.

2007ರ ಏಪ್ರಿಲ್ 16. ಆ ಕ್ಯಾಂಪಸ್ಸಿನಲ್ಲಿ ಒಬ್ಬ ವಿದ್ಯಾರ್ಥಿ 32 ಜನರನ್ನು ಗುಂಡಿಟ್ಟು ಕೊಂದ. ಸತ್ತವರಲ್ಲಿ ಭಾರತದಿಂದ ಹೋದವರೂ ಇದ್ದರು. 2005ರ ಡಿಸೆಂಬರಿನಲ್ಲೇ ಒಬ್ಬ ನ್ಯಾಯಾಧಿಕಾರಿ ಅವನಿಂದ ಅವನಿಗೇ ಅಪಾಯ ಇದೆ ಅಂತ ಹೇಳಿ ಚಿಕಿತ್ಸೆಗೆ ಆದೇಶ ಮಾಡಿದ್ದರು. ಆ ಆದೇಶ ಗನ್ ಖರೀದಿದಾರರ ಹಿನ್ನೆಲೆ ಪರಿಶೀಲಿಸೋ ಎಫ್‌ಬಿಐ ದಾಖಲೆಗೆ ಸೇರಲೇ ಇಲ್ಲ. ಅವನು ಅಂಗಡಿಗೆ ಹೋಗಿ ಪರಿಶೀಲನೆಯಲ್ಲಿ ಪಾಸಾಗಿ ಪಿಸ್ತೂಲು ಕೊಂಡ.

ಕಾನೂನು ಇತ್ತು, ಕಾಗದ ಮಾತ್ರ ತಲುಪಲಿಲ್ಲ. ಆಮೇಲೆ 2008ರ ಜನವರಿಯಲ್ಲಿ ಹೊಸ ಕಾಯ್ದೆ ಬಂತು: ರಾಜ್ಯಗಳು ದಾಖಲೆ ಕಳಿಸಬೇಕು, ಜೊತೆಗೆ ಹುಷಾರಾದವರಿಗೆ ಹಕ್ಕು ವಾಪಸ್ ಕೊಡೋ ಒಂದು ದಾರಿಯನ್ನೂ ಮಾಡಬೇಕು, ಹಾಗಿದ್ದರೆ ಅನುದಾನ. ಎರಡೂ ಒಂದೇ ಕಾಯ್ದೆಯಲ್ಲಿ! ಇದು ನನಗೆ ಸರಿ ಅನ್ನಿಸುತ್ತೆ.

4/8
ಆದರೆ ಗನ್ ಅಂದಕೂಡಲೇ ನಾವು ಶೂಟಿಂಗ್ ಸುದ್ದಿ ಬಗ್ಗೆ ಮಾತ್ರ ಯೋಚಿಸ್ತೀವಿ. ಅಂಕಿ ಬೇರೆಯೇ ಹೇಳುತ್ತೆ.

2021ರಲ್ಲಿ ಅಮೆರಿಕದಲ್ಲಿ ಗನ್ನಿನಿಂದ ಸತ್ತವರು 48,830 ಜನ. ಅದರಲ್ಲಿ 26,328 ಆತ್ಮಹತ್ಯೆ. ಅರ್ಧಕ್ಕಿಂತ ಜಾಸ್ತಿ! ಇನ್ನೊಂದು ಕಡೆ, ಡ್ಯೂಕ್ ವಿಶ್ವವಿದ್ಯಾಲಯದ ಜೆಫ್ರಿ ಸ್ವಾನ್ಸನ್ ಅವರ ಅಂದಾಜಿನ ಪ್ರಕಾರ, ಸಮಾಜದಲ್ಲಿ ನಡೆಯೋ ಹಿಂಸೆಯಲ್ಲಿ ಗಂಭೀರ ಮಾನಸಿಕ ಕಾಯಿಲೆಯ ಪಾಲು ಸುಮಾರು 4% ಅಷ್ಟೇ.

ಅಂದರೆ ‘ಹುಚ್ಚರ ಕೈಗೆ ಗನ್ ಸಿಕ್ಕರೆ ನಮ್ಮ ಗತಿ ಏನು’ ಅನ್ನೋ ಭಯ ತಲೆಕೆಳಗಾಗಿದೆ. ಕಾಯಿಲೆಯವರಿಂದ ಊರಿಗೆ ಇರೋ ಅಪಾಯಕ್ಕಿಂತ, ಕಷ್ಟದ ಆ ಗಳಿಗೆಯಲ್ಲಿ ಅವರಿಗೇ ಇರೋ ಅಪಾಯ ದೊಡ್ಡದು. ಆ ಗಳಿಗೆ ದಾಟಿಸಿದರೆ ಜೀವ ಉಳಿಯುತ್ತೆ. ಒಮ್ಮೆ ಬದುಕುಳಿದವರಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಂದಿ ಮುಂದೆ ಆತ್ಮಹತ್ಯೆಯಿಂದ ಸಾಯಲ್ಲ. ಆದ್ದರಿಂದ ಆ ಹೊತ್ತಲ್ಲಿ ಗನ್ ದೂರ ಇಡೋ ಕಾನೂನಿಗೆ ನನ್ನ ಪೂರ್ತಿ ಬೆಂಬಲ. ನನ್ನ ತಕರಾರು ‘ಶಾಶ್ವತ’ ಅನ್ನೋ ಪದದ ಮೇಲೆ ಮಾತ್ರ.

5/8
ಈಗ ಆ ಎರಡು ಕೇಸು.

ಮಿಚಿಗನ್ನಿನ ಹಿಲ್ಸ್‌ಡೇಲ್ ಕೌಂಟಿಯ ಒಬ್ಬರು. 1986ರಲ್ಲಿ ವಿಚ್ಛೇದನದಿಂದ ಕುಸಿದುಹೋದಾಗ ಒಂದು ತಿಂಗಳಿಗೂ ಕಡಿಮೆ ಆಸ್ಪತ್ರೆಯಲ್ಲಿದ್ದರು. 2011ರಲ್ಲಿ ಗನ್ ಕೊಳ್ಳೋಕೆ ಹೋದರೆ, ಆಗಲ್ಲ ಅಂದರು. 25 ವರ್ಷದ ಹಿಂದಿನ ದಾಖಲೆ! ಅವರ ರಾಜ್ಯದಲ್ಲಿ ಹಕ್ಕು ವಾಪಸ್ ಕೇಳೋ ದಾರಿ ಇರಲಿಲ್ಲ. ಫೆಡರಲ್ ಮಟ್ಟದಲ್ಲಿ ದಾರಿ ಕಾಗದದ ಮೇಲಿತ್ತು, ಆದರೆ ಅಂಥ ಅರ್ಜಿ ನೋಡೋಕೆ ಇಲಾಖೆ ದುಡ್ಡು ಖರ್ಚು ಮಾಡಬಾರದು ಅಂತ 1992ರಲ್ಲೇ ಸಂಸತ್ತು ತಡೆ ಹಾಕಿತ್ತು. ಬಾಗಿಲು ಇಟ್ಟು ಬೀಗ ಜಡಿದ ಹಾಗೆ. 2016ರಲ್ಲಿ ಆರನೇ ಸರ್ಕಿಟ್ ಮೇಲ್ಮನವಿ ಕೋರ್ಟು, ಜೀವಮಾನದ ನಿಷೇಧ ಯಾಕೆ ಬೇಕು ಅಂತ ಸರ್ಕಾರ ಇನ್ನೂ ತೋರಿಸಿಕೊಟ್ಟಿಲ್ಲ ಅಂತ ಹೇಳಿ ಕೇಸನ್ನು ವಾಪಸ್ ಕಳಿಸಿತು.

ಇನ್ನೊಂದು, ಮೊದಲು ಹೇಳಿದ ಹುಡುಗನದ್ದು. ವಾಷಿಂಗ್ಟನ್ ರಾಜ್ಯ, 1999. ಮುಂದೆ 2014ರಲ್ಲಿ ಅದೇ ರಾಜ್ಯದ ಕೋರ್ಟು ಅವನ ಹಕ್ಕು ವಾಪಸ್ ಕೊಟ್ಟಿತು. ಆದರೂ ಆ ರಾಜ್ಯದ ಪ್ರಕ್ರಿಯೆ ಫೆಡರಲ್ ಮಾನದಂಡಕ್ಕೆ ಹೊಂದಲ್ಲ ಅಂತ ಫೆಡರಲ್ ನಿಷೇಧ ಹಾಗೇ ಉಳೀತು. 2020ರಲ್ಲಿ ಒಂಬತ್ತನೇ ಸರ್ಕಿಟ್ ಅದನ್ನೇ ಎತ್ತಿಹಿಡಿಯಿತು. ಒಂದು ಕೋರ್ಟು ಹುಷಾರಾಗಿದ್ದಾನೆ ಅಂದರೂ ಸಾಲಲಿಲ್ಲ.

6/8
ಎದುರು ವಾದವನ್ನೂ ಕೇಳೋಣ. ಬಲವಂತದ ದಾಖಲಾತಿ ಆದವರಿಗೆ ಬಿಡುಗಡೆ ನಂತರವೂ ಆತ್ಮಹತ್ಯೆಯ ಅಪಾಯ ಉಳಿದವರಿಗಿಂತ ಹೆಚ್ಚು ಅನ್ನೋ ಅಧ್ಯಯನಗಳನ್ನು ಆ ಕೋರ್ಟು ಮುಂದಿಟ್ಟುಕೊಂಡಿತ್ತು. ತಪ್ಪಿ ಒಬ್ಬರಿಗೆ ಗನ್ ಕೊಟ್ಟರೆ ಹೋಗೋದು ಜೀವ, ಕೊಡದಿದ್ದರೆ ಹೋಗೋದು ಒಂದು ಗನ್ ಅಷ್ಟೇ ತಾನೇ?

ಗಟ್ಟಿ ವಾದ. ಆದರೆ ಒಂದು ಗುಂಪಿಗೆ ಸರಾಸರಿ ಅಪಾಯ ಜಾಸ್ತಿ ಅನ್ನೋದು, ಒಬ್ಬ ಮನುಷ್ಯನ ಇವತ್ತಿನ ಸ್ಥಿತಿಯನ್ನು ನೋಡಲೇಬಾರದು ಅನ್ನೋದಕ್ಕೆ ಕಾರಣ ಆಗಲ್ಲ. ಯಾರೂ ಗನ್ ಸುಮ್ಮನೆ ಕೊಟ್ಟುಬಿಡಿ ಅನ್ನುತ್ತಿಲ್ಲ. ಪರೀಕ್ಷೆ ಮಾಡಿ, ಆಮೇಲೆ ಹೇಳಿ ಅನ್ನುತ್ತಿದ್ದಾರೆ ಅಷ್ಟೇ. ಕ್ಯಾಲಿಫೋರ್ನಿಯಾದ ರಾಜ್ಯ ಕಾನೂನು ನೋಡಿ: 72 ಗಂಟೆಯ ತುರ್ತು ದಾಖಲಾತಿಗೆ 5 ವರ್ಷದ ನಿಷೇಧ, ನಡುವೆ ಕೋರ್ಟಿಗೆ ಅರ್ಜಿ ಹಾಕೋ ಅವಕಾಶ. 2024ರಲ್ಲಿ ಸುಪ್ರೀಂ ಕೋರ್ಟು ರಹೀಮಿ ಕೇಸಲ್ಲಿ ಗನ್ ನಿಷೇಧವನ್ನು 8–1ರಲ್ಲಿ ಒಪ್ಪಿಕೊಂಡಿತು. ಅಲ್ಲಿ ಕೂಡ ತೂಕ ಇದ್ದದ್ದು ಎರಡು ಮಾತಿಗೆ: ಈ ವ್ಯಕ್ತಿಯಿಂದ ಇನ್ನೊಬ್ಬರಿಗೆ ಅಪಾಯ ಇದೆ ಅಂತ ಕೋರ್ಟು ಕಂಡುಕೊಂಡಿರಬೇಕು, ಮತ್ತು ನಿಷೇಧ ತಾತ್ಕಾಲಿಕ.

7/8
ನಮ್ಮ ದೇಶದ ಕಾನೂನು ಏನನ್ನುತ್ತೆ?

1959ರ ಶಸ್ತ್ರಾಸ್ತ್ರ ಕಾಯ್ದೆ ‘ಅಸ್ವಸ್ಥಚಿತ್ತ’ ಇರೋರಿಗೆ ಲೈಸನ್ಸ್ ಬೇಡ ಅನ್ನುತ್ತೆ. ಆದರೆ 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯ 3ನೇ ಸೆಕ್ಷನ್ ಎರಡು ಚಿನ್ನದಂಥ ಮಾತು ಹೇಳುತ್ತೆ. ಒಂದು, ಹಿಂದೆ ಚಿಕಿತ್ಸೆ ಪಡೆದಿದ್ದು, ಆಸ್ಪತ್ರೆಯಲ್ಲಿದ್ದಿದ್ದು ಗಣನೆಗೆ ಬರಬಹುದು, ಆದರೆ ಅದೊಂದನ್ನೇ ಹಿಡಿದು ಇವತ್ತೂ ಕಾಯಿಲೆ ಇದೆ ಅಂತ ತೀರ್ಮಾನ ಮಾಡೋ ಹಾಗಿಲ್ಲ. ಎರಡು, ಮಾನಸಿಕ ಕಾಯಿಲೆ ಇದೆ ಅಂದಮಾತ್ರಕ್ಕೆ ‘ಅಸ್ವಸ್ಥಚಿತ್ತ’ ಅಲ್ಲ, ಅದನ್ನು ಕೋರ್ಟೇ ಹೇಳಬೇಕು.

ಕಾಗದದ ಮೇಲೆ ನಾವು ಮುಂದಿದ್ದೀವಿ. ಆದರೆ ಸಂಬಂಧ ನೋಡುವಾಗ, ಬಾಡಿಗೆ ಮನೆ ಕೊಡುವಾಗ, ಹಾಸ್ಟೆಲ್ಲಿನ ಗುಸುಗುಸು ಮಾತಿನಲ್ಲಿ? ‘ಅವಳು ನಿಮ್ಹಾನ್ಸಿಗೆ ಹೋಗಿ ಬಂದವಳಂತೆ’ ಅನ್ನೋ ಒಂದೇ ಮಾತು ಸಾಕು. ಅಲ್ಲಿ ಕಾನೂನು ಒತ್ತುವ ಮುದ್ರೆಯನ್ನು ಇಲ್ಲಿ ನಾವೇ ಒತ್ತುತ್ತೀವಿ.

8/8
ನನ್ನ ಮಾತು ಇಷ್ಟು. ಅಪಾಯದ ಹೊತ್ತಲ್ಲಿ ಗನ್ ತಕ್ಷಣ ಕಿತ್ತಿಡಿ. ವಾಪಸ್ ಪರೀಕ್ಷೆ ಮಾಡೋಕೆ ಒಂದು ದಿನಾಂಕ ಇಡಿ. ಆ ದಿನ ಡಾಕ್ಟರ ಮಾತು, ಕೋರ್ಟಿನ ವಿಚಾರಣೆ ನೋಡಿ ನಿರ್ಧಾರ ಮಾಡಿ. ಇನ್ನೂ ಅಪಾಯ ಇದ್ದರೆ ಮುಂದುವರಿಸಿ, ಇಲ್ಲದಿದ್ದರೆ ಬಿಡಿ.

ಯಾಕೆ ಇಷ್ಟು ಹಟ ಅಂದ್ರೆ, ಆಸ್ಪತ್ರೆಗೆ ಹೋದರೆ ಜೀವನಪೂರ್ತಿ ಗುರುತು ಅಂಟುತ್ತೆ ಅಂತ ಗೊತ್ತಾದರೆ ನಮ್ಮ ವಯಸ್ಸಿನವರು ಬಾಯೇ ಬಿಡಲ್ಲ. ಸಹಾಯ ಕೇಳೋಕೆ ಹೆದರಿಸೋ ನಿಯಮ ಯಾರನ್ನೂ ಕಾಪಾಡಲ್ಲ.

ನಿಮಗೇ ಭಾರ ಅನ್ನಿಸ್ತಿದ್ದರೆ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ. ಉಚಿತ, 24 ಗಂಟೆ, ಕನ್ನಡದಲ್ಲೂ ಮಾತಾಡ್ತಾರೆ.

ಒಪ್ಪದವರು ಕಾಮೆಂಟಲ್ಲಿ ಜಗಳಕ್ಕೆ ಬನ್ನಿ, ಆದರೆ ಒಂದು ಕಂಡೀಷನ್: ‘ಹುಚ್ಚ’ ಅನ್ನೋ ಪದ ಬೇಡ 🙏

#ಮಾನಸಿಕಆರೋಗ್ಯ #ಕಾನೂನುಕನ್ನಡದಲ್ಲಿ #ಮಾತಾಡೋಣ