ವೃದ್ಧ ರೋಗಿಯ ಮೂತ್ರಪಿಂಡವೂ ನಡಿಗೆಯೂ

ಎರ್ನಾಕುಳಂ ಜನರಲ್ ಆಸ್ಪತ್ರೆಯಲ್ಲಿ 2023ರ ನವೆಂಬರ್ 26ರಂದು ತಾಯಿಯೊಬ್ಬಳ ಮೂತ್ರಪಿಂಡವನ್ನು ಆಕೆಯ ತರುಣ ಮಗನಿಗೆ ಕಸಿಮಾಡಲಾಯಿತು. ಜಿಲ್ಲಾ ಮಟ್ಟದ ಸರಕಾರೀ ಆಸ್ಪತ್ರೆಯೊಂದರಲ್ಲಿ ಇಂತಹ ಶಸ್ತ್ರಚಿಕಿತ್ಸೆ ನಡೆದುದು ದೇಶದಲ್ಲೇ ಅದು ಮೊದಲು. ಈ ನಾಡಿನ ಅನ್ನ ಉಣ್ಣುವ ನಮಗೂ ಅದರಿಂದ ಹೆಮ್ಮೆಯೆನಿಸಿದರೆ ಆಶ್ಚರ್ಯವಿಲ್ಲ. ಆದರೆ ಕಸಿಯೆಂಬುದು ಬಹುಮಟ್ಟಿಗೆ ಪ್ರಾಯದವರಿಗೆ ಒದಗುವ ಭಾಗ್ಯ. ಎಪ್ಪತ್ತೈದು ದಾಟಿದ ನಮ್ಮ ತಂದೆತಾಯಿಗಳು ಮೂತ್ರಪಿಂಡ ಸೋತು ಆಸ್ಪತ್ರೆ ಸೇರಿದಾಗ ನಡೆಯುವ ಕಥೆಯೇ ಬೇರೆ. ಅದು ಯಾವ ಪತ್ರಿಕೆಯಲ್ಲೂ ಸುದ್ದಿಯಾಗುವುದಿಲ್ಲ.

ಪಾಲಾರಿವಟ್ಟಂನಲ್ಲಿ, ಅದರಲ್ಲೂ ಬೈಪಾಸಿನ ಆಸುಪಾಸಿನಲ್ಲಿ, ಆಸ್ಪತ್ರೆಗಳಿಗೆ ಕೊರತೆಯಿಲ್ಲ. ಊರಿನಿಂದ ಅಪ್ಪಯ್ಯನನ್ನೋ ಅಮ್ಮನನ್ನೋ ಕರೆತಂದು ಇಲ್ಲಿ ಸೇರಿಸುವ ನಮ್ಮವರು ವೈದ್ಯರನ್ನು ದಿನಾ ಕೇಳುವುದು ಒಂದೇ ಪ್ರಶ್ನೆ: ಕ್ರಿಯಾಟಿನಿನ್ ಎಷ್ಟಾಯಿತು? ಮೂರೂವರೆ ಇದ್ದುದು ಎರಡಕ್ಕೆ ಇಳಿಯಿತೆಂದರೆ ಊರಿಗೆ ಫೋನು ಹೋಗುತ್ತದೆ. ದೇವರ ಹರಕೆ ಸಂದಿತೆಂದು ಎಲ್ಲರೂ ನೆಮ್ಮದಿಗೊಳ್ಳುತ್ತಾರೆ. ಹತ್ತನೆಯ ದಿವಸ ಬಿಡುಗಡೆಯ ಚೀಟಿ ಕೈಗೆ ಬಂದಾಗ ಮಾತ್ರ, ನಡೆದುಕೊಂಡು ಆಸ್ಪತ್ರೆಗೆ ಬಂದ ಹಿರಿಯರು ಮಂಚದಿಂದ ಕಾಲು ಕೆಳಗಿಡಲಾರದೆ ಇರುವುದು ಕಣ್ಣಿಗೆ ಬೀಳುತ್ತದೆ. ಮೂತ್ರಪಿಂಡ ಚೇತರಿಸಿತು, ಮನುಷ್ಯ ಚೇತರಿಸಲಿಲ್ಲ.

ಇದರ ಮರ್ಮವನ್ನು ತುಸು ವಿಚಾರಿಸಿ ನೋಡುವುದು ಒಳ್ಳೆಯದು. ನಾವು ಇಷ್ಟು ನೆಚ್ಚುವ ಕ್ರಿಯಾಟಿನಿನ್ ಎಂಬ ವಸ್ತು ಹುಟ್ಟುವುದು ಮೂತ್ರಪಿಂಡದಲ್ಲಲ್ಲ, ಸ್ನಾಯುಗಳಲ್ಲಿ. ಸ್ನಾಯುವಿನಿಂದ ರಕ್ತಕ್ಕೆ ಬಂದುದನ್ನು ಮೂತ್ರಪಿಂಡವು ಸೋಸಿ ಹೊರಹಾಕುತ್ತದೆ. ಸೋಸುವ ಶಕ್ತಿ ಕುಂದಿದರೆ ರಕ್ತದಲ್ಲಿ ಅದರ ಪ್ರಮಾಣ ಏರುವುದು ನಿಜ. ಆದರೆ ಸ್ನಾಯುವೇ ಕರಗಿಹೋದ ಮುದುಕಿಯಲ್ಲಿ ಅದು ಹುಟ್ಟುವುದೇ ಕಡಿಮೆಯಾದ ಕಾರಣ, ಮೂತ್ರಪಿಂಡ ಸೋತಿದ್ದರೂ ಅಂಕಿ ಸೌಮ್ಯವಾಗಿಯೇ ಕಾಣಬಹುದು. ಹಾಸಿಗೆಯಲ್ಲಿ ಮಲಗಿ ಕಾಲಿನ ಮಾಂಸ ಇಳಿದಷ್ಟೂ ಕಾಗದದ ಮೇಲಿನ ಅಂಕಿಯೂ ಇಳಿಯಬಹುದು. ಆ ಇಳಿತದಲ್ಲಿ ಗುಣವೆಷ್ಟು, ಸವಕಳಿಯೆಷ್ಟು ಎಂಬುದನ್ನು ಅಂಕಿಯೊಂದೇ ಹೇಳಲಾರದು. ಇದನ್ನು ಬಲ್ಲ ವೈದ್ಯರು ಸಂದೇಹ ಬಂದೆಡೆ ಸಿಸ್ಟಾಟಿನ್-ಸಿ ಎಂಬ ಬೇರೊಂದು ರಕ್ತಪರೀಕ್ಷೆ ಮಾಡಿಸುವುದುಂಟು. ಅದು ಸ್ನಾಯುವನ್ನು ಅಷ್ಟಾಗಿ ಅವಲಂಬಿಸಿದುದಲ್ಲ.

ಸಂಬಂಧ ಇಷ್ಟಕ್ಕೇ ಮುಗಿಯುವುದಿಲ್ಲ. ರಕ್ತವನ್ನು ಹುಟ್ಟಿಸುವಂತೆ ಎಲುಬಿನ ಮಜ್ಜೆಗೆ ಸೂಚನೆ ಕೊಡುವ ರಸವು ಮುಖ್ಯವಾಗಿ ಮೂತ್ರಪಿಂಡದಿಂದಲೇ ಬರತಕ್ಕದ್ದು. ಅದು ಕುಂದಿದರೆ ರಕ್ತಹೀನತೆ, ನಾಲ್ಕು ಹೆಜ್ಜೆಗೆ ಏದುಸಿರು. ರಕ್ತದಲ್ಲಿ ಆಮ್ಲ ಹೆಚ್ಚಿ ಸ್ನಾಯು ಸವೆಯುತ್ತದೆ, ಎಲುಬು ದುರ್ಬಲವಾಗುತ್ತದೆ, ಅನ್ನ ಸೇರುವುದಿಲ್ಲ. ಮೂತ್ರಪಿಂಡದ ರೋಗಿ ಕಾಲಿನ ರೋಗಿಯೂ ಆಗುವುದು ಹೀಗೆ. ಇದರ ಮೇಲೆ ಆಸ್ಪತ್ರೆಯ ಮಂಚವೂ ಸೇರಿತೆಂದರೆ ಕೇಳಬೇಕೇ? ಮಲಗಿಸುವುದರಿಂದ ಆಗುವ ಅಪಾಯಗಳನ್ನು ಇಂಗ್ಲೆಂಡಿನ ವೈದ್ಯ ರಿಚರ್ಡ್ ಆಶರ್ 1947ರಷ್ಟು ಹಿಂದೆಯೇ ಎಣಿಸಿ ಬರೆದಿದ್ದರು. 2007ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ, ಯಾವ ರೋಗವೂ ಇಲ್ಲದ ಹನ್ನೆರಡು ಮಂದಿ ವೃದ್ಧರನ್ನು ಹತ್ತು ದಿವಸ ಹಾಸಿಗೆಯಲ್ಲಿಯೇ ಇರಿಸಿದಾಗ, ಅವರ ಕಾಲುಗಳ ಮಾಂಸ ಸರಾಸರಿ ಒಂದು ಕಿಲೋಗ್ರಾಮಿನಷ್ಟು ಇಳಿದಿತ್ತು. ಗಟ್ಟಿಮುಟ್ಟಾದವರ ಪಾಡೇ ಹೀಗಾದರೆ ಜ್ವರ, ಭೇದಿ, ಉಪವಾಸಗಳಿಂದ ಬಂದವರ ಗತಿಯೇನು? ಅದೇ ದೇಶದಲ್ಲಿ 2003ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಆಸ್ಪತ್ರೆ ಸೇರಿದ ಎಪ್ಪತ್ತು ದಾಟಿದವರ ಪೈಕಿ ನೂರಕ್ಕೆ 35 ಮಂದಿ, ಕಾಯಿಲೆಗೆ ಮುಂಚೆ ಮಾಡಿಕೊಳ್ಳುತ್ತಿದ್ದ ನಿತ್ಯಕೃತ್ಯಗಳಲ್ಲಿ ಒಂದನ್ನಾದರೂ ಮಾಡಲಾರದವರಾಗಿ ಹೊರಬಿದ್ದರೆಂದು ಕಂಡುಬಂದಿತು.

ನಿತ್ಯಕೃತ್ಯಗಳನ್ನು ಅಳೆಯುವ ಕ್ರಮವೇನೂ ಗಹನವಾದುದಲ್ಲ. ಕ್ಲೀವ್‌ಲೆಂಡಿನ ಸಿಡ್ನಿ ಕ್ಯಾಟ್ಸ್ ಎಂಬ ವೈದ್ಯರು 1963ರಲ್ಲಿ ಆರನ್ನು ಹೆಸರಿಸಿದರು: ಸ್ನಾನ, ಉಡುಪು ಧರಿಸುವುದು, ಶೌಚಕ್ಕೆ ಹೋಗಿಬರುವುದು, ಹಾಸಿಗೆಯಿಂದೆದ್ದು ಕುರ್ಚಿಗೆ ಬರುವುದು, ಮಲಮೂತ್ರಗಳ ಹತೋಟಿ, ಉಣ್ಣುವುದು. ಯಂತ್ರ ಬೇಡ, ಸೂಜಿ ಬೇಡ, ಕಾಸಿನ ಖರ್ಚಿಲ್ಲ. ಹಾಗಿದ್ದೂ ಎಷ್ಟೋ ಕಡೆ ರಕ್ತದ ಅಂಕಿಗಳು ದಿನಂಪ್ರತಿ ದಾಖಲೆಯಾಗುವಾಗ ಈ ಆರಕ್ಕೆ ಒಂದು ಸಾಲೂ ಮೀಸಲಿರುವುದಿಲ್ಲ. ಬಹುಶಃ ಖರ್ಚಿಲ್ಲದ್ದೇ ಅದರ ದೋಷವಿರಬಹುದು!

ವೈದ್ಯರನ್ನು ಮಾತ್ರ ದೂರುವುದು ನ್ಯಾಯವಲ್ಲ. ಮಂಚದ ಮೇಲೆ ಮುದುರಿ ಮಲಗಿದ ವೃದ್ಧರು ಹದಿನೈದು ದಿನಗಳ ಹಿಂದೆ ಬಾವಿಯಿಂದ ನೀರು ಸೇದುತ್ತಿದ್ದರೆಂದು ಅವರಿಗೆ ಹೇಗೆ ತಿಳಿಯಬೇಕು? ರೋಗಿಗೆ ಮಲಯಾಳ ಬಾರದು, ವಾರ್ಡಿನಲ್ಲಿ ಕನ್ನಡ ನಡೆಯದು. ಮೊದಲಿನಿಂದಲೂ ಹಾಸಿಗೆ ಹಿಡಿದವರೆಂದೇ ಎಲ್ಲರೂ ಭಾವಿಸಿದರೆ ಎಬ್ಬಿಸಿ ನಡೆಸುವ ಯೋಚನೆಯೇ ಹುಟ್ಟುವುದಿಲ್ಲ. ಅದನ್ನು ಹೇಳಬೇಕಾದವನು ಮಗ. ಆದರೆ ವರ್ಷಕ್ಕೊಮ್ಮೆ ನೇತ್ರಾವತಿ ಎಕ್ಸ್‌ಪ್ರೆಸ್ ಹತ್ತಿ ನಾಲ್ಕು ದಿನ ಊರಿಗೆ ಹೋಗಿಬರುವ ಮಗನಿಗೆ ತಾನೆ ಅದು ಎಷ್ಟು ಗೊತ್ತು? “ಸೌಖ್ಯವೇ?” ಎಂದು ಫೋನಿನಲ್ಲಿ ಕೇಳಿದರೆ “ಸೌಖ್ಯ” ಎಂಬ ಉತ್ತರ ಬಂದೇ ಬರುತ್ತದೆ. ಇಂದು ಸ್ನಾನಕ್ಕೆ ನೀರು ತೋಡಿಕೊಟ್ಟವರಾರು, ಅಂಗಳಕ್ಕಿಳಿಯಲು ಗೋಡೆ ಹಿಡಿಯಬೇಕಾಯಿತೇ ಎಂದು ಕೇಳುವ ಅಭ್ಯಾಸವನ್ನು ನಮ್ಮವರು ಮಾಡಿಕೊಳ್ಳುವುದು ಲೇಸು. ಆಸ್ಪತ್ರೆಗೆ ಸೇರಿಸುವಾಗ ಮೇಲಿನ ಆರರಲ್ಲಿ ಯಾವುದನ್ನು ಸ್ವತಃ ಮಾಡಿಕೊಳ್ಳುತ್ತಿದ್ದರೆಂಬುದನ್ನು ಒಂದು ಕಾಗದದಲ್ಲಿ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಬರೆದು ದಾದಿಯ ಕೈಗೆ ಕೊಡಬೇಕು. ಬರೆಯಲು ಬಾರದ ಅಡಿಗೆಯವರಿಗೆ, ಮಾಣಿಗಳಿಗೆ ಗುಮಾಸ್ತೆ ಮಿತ್ರರು ಬರೆದುಕೊಡಲಿ. ಐದು ನಿಮಿಷದ ಕೆಲಸ.

ಕೇರಳದ ಆಸ್ಪತ್ರೆಗಳಲ್ಲಿ ರೋಗಿಯ ಬಳಿ ಉಳಿಯುವವನಿಗೆ ಬೈಸ್ಟ್ಯಾಂಡರ್ ಎಂದು ಹೆಸರು. ಔಷಧದಂಗಡಿಗೂ ಬಿಲ್ಲಿನ ಕಿಟಕಿಗೂ ಓಡುವುದಷ್ಟೇ ಅವನ ಕೆಲಸವೆಂದು ನಾವು ತಿಳಿದಂತಿದೆ. ಎರಡನೆಯ ದಿನದಿಂದಲೇ ಅವನು ಕೇಳತಕ್ಕ ಪ್ರಶ್ನೆಗಳು ಬೇರೆ ಇವೆ. ಎಬ್ಬಿಸಿ ಕೂರಿಸಬಹುದೇ? ಊಟವನ್ನು ಕುರ್ಚಿಯಲ್ಲಿ ಮಾಡಿಸಬಹುದೇ? ಮೂತ್ರಕ್ಕೆ ಹಾಕಿದ ನಳಿಗೆ ಇನ್ನೂ ಬೇಕೇ? ನಳಿಗೆ ಇರುವಷ್ಟು ದಿನ ರೋಗಿಯನ್ನು ಮಂಚಕ್ಕೆ ಕಟ್ಟಿಹಾಕಿದಂತೆಯೇ. ಸೋಂಕಿನ ಭಯ ಬೇರೆ. ವೈದ್ಯರು ಬೇಡವೆಂದರೆ ಸುಮ್ಮನಿರಬೇಕು, ಆದರೆ ಕೇಳದೆ ಸುಮ್ಮನಿರಬಾರದು. ನೋಡಲು ಬರುವವರು ಪ್ರೀತಿಯಿಂದ ತರುವ ಎಳನೀರಿನ ವಿಷಯದಲ್ಲಿಯೂ ಜಾಗ್ರತೆ ಅಗತ್ಯ. ಅದರಲ್ಲಿ ಪೊಟಾಸಿಯಂ ಹೇರಳ; ಸೋತ ಮೂತ್ರಪಿಂಡ ಅದನ್ನು ಹೊರಹಾಕಲಾರದೆ ಹೃದಯದ ಬಡಿತವೇ ತಪ್ಪಬಹುದು. ಮಂಡಿನೋವಿಗೆಂದು ಅಂಗಡಿಯಿಂದ ಕೊಂಡು ನುಂಗಿಸುವ ಡೈಕ್ಲೋಫೆನಾಕ್‌ನಂತಹ ಮಾತ್ರೆಗಳೂ ಮುಪ್ಪಿನ ಮೂತ್ರಪಿಂಡಕ್ಕೆ ಶತ್ರುವೇ. ಒಲೆಯ ಮುಂದೆ ಹತ್ತು ಹನ್ನೆರಡು ಗಂಟೆ ನಿಂತು, ನೀರು ಕುಡಿಯಲೂ ಪುರಸೊತ್ತಿಲ್ಲದೆ, ರಾತ್ರಿ ಅದೇ ಮಾತ್ರೆ ನುಂಗಿ ಮಲಗುವ ನಮ್ಮ ಅಡಿಗೆಭಟ್ಟರು ಈ ಮಾತನ್ನು ತಮಗೂ ಅನ್ವಯಿಸಿಕೊಳ್ಳಬಹುದು.

ಡಯಾಲಿಸಿಸ್ ಎಂಬ ಮಾತು ಬಂದಾಗ ಮನೆಯವರ ಧರ್ಮಸಂಕಟ ದೊಡ್ಡದು. ಬೇಡವೆಂದರೆ ಲೋಕಾಪವಾದ, ಬೇಕೆಂದರೆ ವಾರಕ್ಕೆ ಸಾಮಾನ್ಯವಾಗಿ ಮೂರು ಸಲ, ಸಲಕ್ಕೆ ಸುಮಾರು ನಾಲ್ಕು ಗಂಟೆ. ಅನೇಕರಿಗೆ ಅದು ಪ್ರಾಣದಾನವೇ ಸರಿ. ಆದರೆ ಅಮೆರಿಕದ ಶುಶ್ರೂಷಾಗೃಹಗಳಲ್ಲಿದ್ದು ಡಯಾಲಿಸಿಸ್ ಆರಂಭಿಸಿದ 3,702 ಮಂದಿಯ ವೃತ್ತಾಂತ 2009ರಲ್ಲಿ ಪ್ರಕಟವಾಯಿತು. ವರ್ಷ ತುಂಬುವಷ್ಟರಲ್ಲಿ ನೂರಕ್ಕೆ 58 ಮಂದಿ ತೀರಿಹೋಗಿದ್ದರು. ಮೊದಲಿದ್ದಷ್ಟು ಓಡಾಟ, ಸ್ವಾವಲಂಬನೆ ಉಳಿಸಿಕೊಂಡವರು ನೂರಕ್ಕೆ 13 ಮಾತ್ರ. ಅವರು ಆಗಲೇ ಪರಾವಲಂಬಿಗಳಾಗಿದ್ದವರು. ನಮ್ಮ ಎಲ್ಲ ವೃದ್ಧರಿಗೂ ಈ ಲೆಕ್ಕ ಹೊಂದುವುದೆಂದು ನಾವು ಹೇಳುವುದಿಲ್ಲ. ಆದರೆ ಒಪ್ಪಿಗೆಗೆ ರುಜು ಹಾಕುವ ಮುನ್ನ “ಎಷ್ಟು ದಿನ ಬದುಕುತ್ತಾರೆ?” ಎಂಬುದರ ಜೊತೆಗೆ “ಎದ್ದು ಓಡಾಡುತ್ತಾರೆಯೇ?” ಎಂದೂ ಕೇಳುವ ಹಕ್ಕು ಮನೆಯವರಿಗಿದೆ. ರೋಗಿಗೆ ಪ್ರಜ್ಞೆಯಿದ್ದರೆ ಅವರನ್ನೇ, ಅವರ ಭಾಷೆಯಲ್ಲಿಯೇ, ಕೇಳತಕ್ಕದ್ದು ಇನ್ನೂ ಮುಖ್ಯ.

ಇನ್ನು ಹೋಟೆಲು ಮಾಲಿಕರಿಗೆ ಎರಡು ಮಾತು. ತಾಯಿಯನ್ನು ದಿನಕ್ಕೆ ಮೂರು ಸಲ ಕೈಹಿಡಿದು ನಡೆಸಬೇಕಾದವನು ಬೆಳಗಿನ ಐದಕ್ಕೆ ಇಡ್ಲಿ ಪಾತ್ರೆಯ ಮುಂದೆ ಇರಬೇಕೆಂದರೆ ಈ ಲೇಖನವೆಲ್ಲ ವ್ಯರ್ಥ. ಆಸ್ಪತ್ರೆಯ ಚೀಟಿ ತೋರಿಸಿದವನಿಗೆ ವಾರದ ಮಟ್ಟಿಗೆ ಸಂಬಳಸಹಿತ ರಜೆ, ಕೊನೆಗೆ ಪಾಳಿಯ ಬದಲಾವಣೆಯಾದರೂ ಸಿಗಬೇಕು. ಹತ್ತು ಅಥವಾ ಹೆಚ್ಚು ನೌಕರರಿರುವ ಹೋಟೆಲುಗಳಿಗೆ ಇ.ಎಸ್.ಐ. ಅನ್ವಯಿಸುತ್ತದೆ, 2017ರಲ್ಲಿ ಅದರ ವೇತನಮಿತಿ ತಿಂಗಳಿಗೆ 21,000 ರೂಪಾಯಿಗೆ ಏರಿತು. ಅವಲಂಬಿತರಾದ ತಂದೆತಾಯಿಗಳ ಚಿಕಿತ್ಸೆಯೂ ಅದರಲ್ಲಿ ಸೇರಿದೆಯೆಂಬುದನ್ನು ನೌಕರರಿಗೆ ತಿಳಿಸದೆ ಇರುವ ಮಾಲಿಕರು ಇನ್ನೂ ಇದ್ದಾರೆಂಬುದು ವಿಷಾದಕರ. ಗುರುತುಚೀಟಿಯಲ್ಲಿ ಅವರ ಹೆಸರು ಸೇರಿದೆಯೇ ಎಂದು ಈ ತಿಂಗಳೇ ನೋಡಿಕೊಳ್ಳಿ.

ಮನೆಗೆ ಹೋದ ಮೇಲೆ ಯಾರು ನೋಡಿಕೊಳ್ಳಬೇಕೆಂಬ ಪ್ರಶ್ನೆಗೆ ಕೇರಳ ಒಂದು ದಾರಿ ಹಾಕಿದೆ. 2008ರ ಉಪಶಾಮಕ ಚಿಕಿತ್ಸಾ ನೀತಿಯ ಅನಂತರ ಪಂಚಾಯತು, ನಗರಸಭೆಗಳ ಮೂಲಕ ದಾದಿಯರು ಹಾಸಿಗೆ ಹಿಡಿದವರ ಮನೆಗೇ ಹೋಗುವ ಏರ್ಪಾಡು ಬೆಳೆದಿದೆ. ಬಾಡಿಗೆ ಕೋಣೆಯಲ್ಲಿರುವ ಪರಭಾಷೆಯ ರೋಗಿಯೂ ತಮ್ಮ ವಾರ್ಡಿನ ನಿವಾಸಿಯೆಂದು ಅವರಿಗೆ ತಿಳಿಯುವುದು ಯಾರಾದರೂ ಹೋಗಿ ಹೇಳಿದಾಗ. ಇಲ್ಲಿಯ ಕನ್ನಡ ಸಂಘಗಳು ರಾಜ್ಯೋತ್ಸವದ ಚಂದಾ ಎತ್ತಲು ತಯಾರಿಸುವ ವಿಳಾಸಪಟ್ಟಿಯಲ್ಲಿ, ಯಾವ ಮನೆಯಲ್ಲಿ ವೃದ್ಧರಿದ್ದಾರೆ ಎಂಬುದಕ್ಕೂ ಒಂದು ಅಂಕಣ ಹಾಕಿದರೆ ಕೌನ್ಸಿಲರರ ಬಳಿಗೆ ಒಯ್ಯಲು ಅದೇ ಸಾಕಾಗುತ್ತದೆ.