ಮನೆಗೆ ಅಗ್ಗದ ಅಂತರ್ಜಾಲ ದೂರವಾಣಿ

ಊರಿನಲ್ಲಿರುವ ತಾಯಿತಂದೆಗಳ ಮನೆಗೆ ಅಂತರ್ಜಾಲದ ಮೂಲಕ ನಡೆಯುವ ದೂರವಾಣಿಯನ್ನು ಹಾಕಿಸಬಹುದೇ, ಅದಕ್ಕೆ ಎಷ್ಟು ತಗಲೀತು ಎಂಬ ಪ್ರಶ್ನೆಯು ನಮ್ಮ ಹೋಟೆಲು ನೌಕರರಲ್ಲಿಯೂ ಗುಮಾಸ್ತ ಬಂಧುಗಳಲ್ಲಿಯೂ ಹೆಚ್ಚಾಗಿ ಕೇಳಿಬರುತ್ತಿದೆ. ಪ್ರಶ್ನೆ ಸಣ್ಣದಲ್ಲ. ರಾತ್ರಿ ಪಾಳಿ ಮುಗಿದ ಮೇಲೆ ಕೇಳುವ ತಾಯಿಯ ಧ್ವನಿಯಲ್ಲದೆ ಊರಿನ ಬೇರೆ ಸುಖವಿಲ್ಲದವರು ನಮ್ಮಲ್ಲಿ ಅನೇಕರಿದ್ದಾರೆ.

ಮೊದಲು ಒಂದು ಭ್ರಮೆಯನ್ನು ಕಳೆಯಬೇಕು. ಇದಕ್ಕಾಗಿ ಪ್ರತ್ಯೇಕ ಯಂತ್ರವೊಂದನ್ನು ಕೊಳ್ಳಲೇಬೇಕೆಂದು ಹಲವರು ತಿಳಿದಿದ್ದಾರೆ. 4ಜಿ ಮೊಬೈಲಿನ 'ವೋಲ್ಟಿ' ಕರೆಯೂ ಇದೇ ಜಾತಿಯದು. ಧ್ವನಿಯನ್ನು ಸಣ್ಣ ತುಣುಕುಗಳಾಗಿ ಕಟ್ಟಿ ಕಳುಹಿಸುವುದೇ ಅಲ್ಲಿಯೂ ನಡೆಯುವ ಕಾರ್ಯ. ಆದುದರಿಂದ ಮನೆಯೊಳಗೆ ಸಿಗ್ನಲು ಚೆನ್ನಾಗಿದ್ದರೆ ಗುಂಡಿಯ 4ಜಿ ಮೊಬೈಲೊಂದೇ ಸಾಕು. ಮಾತು ಮತ್ತು ಸಂದೇಶಗಳಿಗೆ ಮಾತ್ರ ಸಲ್ಲುವ ರೀಚಾರ್ಜನ್ನೂ ಕಂಪೆನಿಗಳು ಕೊಡಬೇಕೆಂದು ಟ್ರಾಯ್ 2024ರ ಡಿಸೆಂಬರಿನಲ್ಲಿ ನಿಯಮ ಮಾಡಿದೆ. ಅಂತರ್ಜಾಲವನ್ನೇ ಮುಟ್ಟದ ವೃದ್ಧರ ಹೆಸರಿನಲ್ಲಿ ಡೇಟಾಕ್ಕೆ ಹಣ ತೆರುವುದು ದುಂದುಗಾರಿಕೆಯೆಂದೇ ನಮ್ಮ ಅಭಿಪ್ರಾಯ.

ಗುಡ್ಡದ ಮರೆಯ ಮನೆಗಳ ಮಾತು ಬೇರೆ. ಅಲ್ಲಿಗೆ ಫೈಬರ್ ತಂತಿ ತಲುಪಿದ್ದರೆ ಅದನ್ನೇ ಆರಿಸಿಕೊಳ್ಳತಕ್ಕದ್ದು. ಅದರ ಪೆಟ್ಟಿಗೆಯ ಹಿಂಬದಿಯಲ್ಲಿ ಸಾಮಾನ್ಯವಾಗಿ ದೂರವಾಣಿಗೊಂದು ಕಿಂಡಿ ಇರುತ್ತದೆ. ಮನೆಯಲ್ಲಿರುವ ಹಳೆಯ ಗುಂಡಿಯ ಫೋನನ್ನೇ ಅಲ್ಲಿ ಸಿಕ್ಕಿಸಬಹುದು. 2020ರ ಸೆಪ್ಟೆಂಬರಿನಲ್ಲಿ ಜಿಯೋ ಕಂಪೆನಿಯು 30 ಎಂಬಿಪಿಎಸ್ ವೇಗದ ಸಂಪರ್ಕವನ್ನು ಕರೆಗಳ ಸಹಿತ ಮಾಹೆಯಾನ 399 ರೂಪಾಯಿಗೆ ಕೊಡತೊಡಗಿತು. ಶೇಕಡಾ 18ರ ತೆರಿಗೆ ಸೇರಿ ಅದು 470 ರೂಪಾಯಿ 82 ಪೈಸೆ. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಕಾಣುವುದು ಮೊದಲಿನ ಅಂಕಿ. ಕೈಬಿಟ್ಟು ಹೋಗುವುದು ಎರಡನೆಯದು. ಹೆಚ್ಚಿನ ವೇಗದ ಆಸೆಗೆ ಯಾರೂ ಬೀಳಬೇಕಾಗಿಲ್ಲ. ಸ್ಪಷ್ಟವಾದ ಒಂದು ಕರೆಗೆ ಒಂದೊಂದು ದಿಕ್ಕಿಗೂ ಸುಮಾರು 87 ಕೆಬಿಪಿಎಸ್ ಸಾಕು. ಗಂಟೆಯ ಮಾತು 80 ಎಂಬಿಯೊಳಗೆ ಮುಗಿಯುತ್ತದೆ.

ಆದರೆ ಮಾರುವವರು ಹೇಳದ ಮಾತೊಂದುಂಟು. ಹಳೆಯ ತಾಮ್ರದ ತಂತಿಗೆ ವಿದ್ಯುತ್ತು ಎಕ್ಸ್‌ಚೇಂಜಿನ ಬ್ಯಾಟರಿಯಿಂದಲೇ ಬರುತ್ತಿತ್ತು. ಮನೆಯ ದೀಪ ಆರಿದರೂ ಫೋನು ಬದುಕಿರುತ್ತಿತ್ತು. ಫೈಬರ್ ಪೆಟ್ಟಿಗೆಯು ಮನೆಯ ಕರೆಂಟಿನೊಡನೆ ತಾನೂ ಸಾಯುತ್ತದೆ. ಕಳೆದ ಆಷಾಢದಲ್ಲಿ ನಮ್ಮ ಊರ ಮನೆಯಿಂದ ಎರಡು ದಿನ ಉತ್ತರವಿಲ್ಲದೆ ನಾವು ಪಟ್ಟ ಆತಂಕ ನಮಗೇ ಗೊತ್ತು. ಅಲ್ಲಿ ಆಗಿದ್ದುದು ಇಷ್ಟೆ: ಮರ ಬಿದ್ದು ಕರೆಂಟು ಹೋಗಿತ್ತು. ಆಮೇಲೆ ಚಿಕ್ಕ ಯುಪಿಎಸ್ ಒಂದನ್ನು ತಂದಿಟ್ಟೆವು. ಅದೂ ಕೆಲವು ಗಂಟೆಗಳ ಮಟ್ಟಿಗೆ ಮಾತ್ರ. ಸಿಡಿಲಿನ ಕಾಲದಲ್ಲಿ ಗಾಜಿನ ಎಳೆಯಿಂದ ಭಯವಿಲ್ಲವಾದರೂ ಗೋಡೆಯ ಪ್ಲಗ್ಗನ್ನು ಕಿತ್ತಿಡುವುದು ಲೇಸು. ಆದುದರಿಂದ ಫೈಬರ್ ಹಾಕಿಸಿದವರೂ, ಅಂಗಳದ ಮೂಲೆಯಲ್ಲಾದರೂ ಸಿಗ್ನಲು ಸಿಗುವಂತಿದ್ದರೆ, ಮೊಬೈಲನ್ನು ಬಿಡಬಾರದು.

ಹೊರದೇಶದ ಕರೆಯನ್ನು ಸ್ಥಳೀಯ ಕರೆಯಂತೆ ತೋರಿಸಿ ಅಗ್ಗದಲ್ಲಿ ಕೊಡುತ್ತೇವೆಂದು ಬರುವವರನ್ನು ದೂರವಿಡಬೇಕು. ಅಂತರ್ಜಾಲದಿಂದ ಸಾಮಾನ್ಯ ನಂಬರುಗಳಿಗೆ ಕರೆ ಕೊಡಿಸುವ ಅಧಿಕಾರ 2018ರಿಂದ ಪರವಾನಗಿಯುಳ್ಳ ಕಂಪೆನಿಗಳಿಗೆ ಇದೆ. ಕಳ್ಳದಾರಿಗೆ ಕಾರಣವೇ ಉಳಿದಿಲ್ಲ. ಇಬ್ಬರ ಬಳಿಯೂ ವಾಟ್ಸ್ಯಾಪ್ ಇದ್ದರೆ ಗಲ್ಫಿನ ಕೆಲವೆಡೆ ಬಿಟ್ಟು ಉಳಿದೆಡೆಗೆ ಅದೇ ಸಾಕು.

ಹಣ ಕಟ್ಟುವ ಮುನ್ನ ಪೆಟ್ಟಿಗೆಗೆ ಬಾಡಿಗೆಯೋ ಠೇವಣಿಯೋ, ಠೇವಣಿ ಮರಳುವುದುಂಟೋ, ಮಳೆಯಲ್ಲಿ ತಂತಿ ಕಡಿದರೆ ಎಷ್ಟು ದಿನದೊಳಗೆ ಯಾರು ಬರುತ್ತಾರೆ ಎಂಬುದನ್ನು ಕಾಗದದ ಮೇಲೆ ಬರೆಯಿಸಿಕೊಳ್ಳಿರಿ. ಕಡೆಯ ಪ್ರಶ್ನೆಗೆ ಉತ್ತರವನ್ನು ನೆರೆಮನೆಯವರಿಂದಲೂ ಕೇಳಿ ತಿಳಿಯಿರಿ.